ಹಸಿರು ಟೋಪಿ ಹಾಕಿದ ಅಪಶಕುನ

ನಾನು ಅಪಶಕುನವಂತೆ. ಹಾಗೆಂದು ತೀರ್ಪು ಕೊಟ್ಟವನು ಹೊರಗಿನವನಲ್ಲ, ನನ್ನ ಸ್ವಂತ ಮೈದುನ ಕ್ಲೋವಿಸ್. ಅದೂ ಗುಟ್ಟಿನಲ್ಲಿ ಅಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಊರೆಲ್ಲ ಕೂತು ಬೀನ್ಸ್ ಊಟ ಮಾಡುತ್ತಿದ್ದಾಗ, ನಾನೇ ಬೇಯಿಸಿದ ಬೀನ್ಸ್ ಕಾಳನ್ನು ಎರಡನೇ ಸಲ ಬಡಿಸಿಕೊಂಡು, ಪೂರ್ತಿ ತಿಂದು, ಬಾಯಿ ಒರೆಸಿಕೊಂಡು, ಎದ್ದು ನಿಂತು ಹೇಳಿದ. (ಮೊದಲೇ ಹೇಳಿದ್ದರೆ ಆ ಎರಡನೇ ತಟ್ಟೆ ಅವನಿಗೆ ಸಿಗುತ್ತಿರಲಿಲ್ಲ. ಅಷ್ಟು ಬುದ್ಧಿ ಅವನಿಗಿದೆ.)

ನಮ್ಮ ಮೇಯ್ನ್ ರಾಜ್ಯಕ್ಕೆ ಸ್ವಂತದ್ದು ಎನ್ನಲು ಒಂದು ದೊಡ್ಡ ತಂಡವಿಲ್ಲ. ಕೋಟಿ ಕೋಟಿ ಸಂಬಳದ ಆಟಗಾರರು ನಮ್ಮ ಹಿಮದಲ್ಲಿ ಕಾಲಿಡಲು ಒಪ್ಪುವುದಿಲ್ಲ. ಹಾಗಾಗಿ ಬೇಸ್‌ಬಾಲ್ ಎಂದರೂ ಐಸ್ ಹಾಕಿ ಎಂದರೂ ನಾವು ಪಕ್ಕದ ರಾಜ್ಯ ದಾಟಿ, ಅದರಾಚೆಯ ಬಾಸ್ಟನ್ನಿನವರನ್ನೇ ನಮ್ಮವರೆಂದು ಕೂಗಬೇಕು. ಅದು ಪಕ್ಕದ ಮನೆಯ ಅಳಿಯನನ್ನು ನೋಡಿ ಹೆಮ್ಮೆಪಟ್ಟ ಹಾಗೆ. ಅವನು ನಮ್ಮ ಕಡೆ ಕತ್ತು ಕೂಡ ತಿರುಗಿಸುವುದಿಲ್ಲ.

ಸ್ವಂತದ್ದೆಂದರೆ ಫೆಬ್ರವರಿ. ಆ ತಿಂಗಳು ಒಂದು ವಾರ ಶಾಲೆಗೆ ರಜೆ ಕೊಟ್ಟು, ಉತ್ತರ ಭಾಗದ ಹೈಸ್ಕೂಲುಗಳೆಲ್ಲ ಬ್ಯಾಂಗೋರ್ ಪಟ್ಟಣದ ದೊಡ್ಡ ಅಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತವೆ. ಮಕ್ಕಳ ಹಿಂದೆ ತಂದೆತಾಯಿ, ಅವರ ಹಿಂದೆ ಅಜ್ಜ ಅಜ್ಜಿ, ಅವರ ಹಿಂದೆ ಅಂಚೆಯವನು, ಕ್ಷೌರದವನು, ಎರಡು ಮೂರು ನಾಯಿ. ನಮ್ಮ ಲಾಕ್‌ಕ್ಲೇರ್ ಊರಿಗೆ ಊರೇ ಖಾಲಿ. ಆ ವಾರ ನಮ್ಮಲ್ಲಿ ಯಾರೂ ಸಾಯುವ ಹಾಗಿಲ್ಲ. ಸತ್ತರೆ ಹೊರುವವರೆಲ್ಲ ಬ್ಯಾಂಗೋರಿನಲ್ಲಿರುತ್ತಾರೆ.

ಇಷ್ಟೆಲ್ಲ ಭಕ್ತಿ ಇದ್ದರೂ ನಾವು ಎಂದೂ ಫೈನಲ್ ಗೆದ್ದವರಲ್ಲ. ಕ್ಲೋವಿಸ್ ಹೈಸ್ಕೂಲಿನಲ್ಲಿದ್ದ ಕಾಲಕ್ಕೇ, ಗೆದ್ದ ಫಲಕ ಇಡಲು ಶಾಲೆಯ ಮೊಗಸಾಲೆಯಲ್ಲಿ ಗಾಜಿನ ಕಪಾಟು ಮಾಡಿಸಿಟ್ಟಿದ್ದಾರೆ. ಅದರೊಳಗೆ ಇಂದಿನವರೆಗೆ ಇರುವುದು ಆಲೂಗಡ್ಡೆ ಪ್ರದರ್ಶನದಲ್ಲಿ ಬಂದ ಮೂರನೇ ಬಹುಮಾನ ಮತ್ತು ಮಕ್ಕಳು ಬಿಟ್ಟುಹೋದ ಒಂಟಿ ಕೈಗವಸುಗಳು.

ಈ ವರ್ಷ ನಮ್ಮ ಹುಡುಗಿಯರ ತಂಡ ಫೈನಲ್ ತಲುಪಿತ್ತು. ತಂಡದ ನಾಯಕಿ ಸೆಲೆಸ್ಟ್, ನನ್ನ ಮಗನ ಮಗಳು. ಅವಳ ಶಾಲೆಯ ಕೊನೆಯ ವರ್ಷ, ಇದು ಅವಳ ಕೊನೆಯ ಆಟ. ಅವಳಿಗೆ ಚೆಂಡು ಹಿಡಿಯಲು ಯಾರು ಕಲಿಸಿದರೋ ನಾನರಿಯೆ, ಎಸೆಯಲು ಕಲಿಸಿದವಳು ನಾನು. ಆಲೂಗಡ್ಡೆ ಕೀಳುವ ಕಾಲಕ್ಕೆ ನನ್ನ ಜೊತೆ ಸಾಲಿನಲ್ಲಿ ಬಗ್ಗಿ, ಎರಡು ಕೈಯಲ್ಲೂ ಗಡ್ಡೆ ಹಿಡಿದು, ಮೊಣಕಾಲ ನಡುವಿನಿಂದ ಬೀಸಿ ಪೀಪಾಯಿಗೆ ಹಾಕುತ್ತಿದ್ದಳು. ಒಂದೂ ಹೊರಗೆ ಬೀಳುತ್ತಿರಲಿಲ್ಲ. ಇವತ್ತಿಗೂ ಫ್ರೀ ಥ್ರೋ ಸಿಕ್ಕಾಗ, ಮಿಕ್ಕವರೆಲ್ಲ ತಲೆಯ ಮೇಲಿಂದ ಎಸೆದರೆ ಇವಳು ಚೆಂಡನ್ನು ಹಾಗೆಯೇ ಕೆಳಗಿನಿಂದ ಎಸೆಯುತ್ತಾಳೆ. ಎಲ್ಲರೂ ನಗುತ್ತಾರೆ. ಚೆಂಡು ಒಳಗೆ ಬೀಳುತ್ತದೆ.

ಆ ಕೊನೆಯ ಆಟವನ್ನು ಕಣ್ಣಾರೆ ನೋಡಬೇಕೆಂದು ನಾನು ಶರತ್ಕಾಲದಿಂದಲೇ ನಮ್ಮ ತಂಡದ ನೀಲಿ ಬಣ್ಣದ ಉಣ್ಣೆ ಸ್ವೆಟರ್ ಹೆಣೆದು, ಎದೆಯ ಮೇಲೆ ಅವಳ ಅಂಗಿಯ ನಂಬರು ಹದಿನಾಲ್ಕನ್ನು ಬಿಳಿ ಉಣ್ಣೆಯಲ್ಲಿ ಮೂಡಿಸಿ, ಮಡಿಸಿ ಇಟ್ಟಿದ್ದೆ. ಅಷ್ಟರಲ್ಲಿ, ಸೆಮಿಫೈನಲ್ ಗೆದ್ದು ಊರೆಲ್ಲ ಹಿಂತಿರುಗಿದ ಮೇಲೆ, ಈ ಬೀನ್ಸ್ ಊಟ ಬಂತು.

ಕ್ಲೋವಿಸ್ ನಮ್ಮೂರ ಅಗ್ನಿಶಾಮಕ ದಳದ ಮುಖ್ಯಸ್ಥ. ಊರಿಗೆ ಬೆಂಕಿ ಬೀಳುವುದು ಅಪರೂಪವಾದ್ದರಿಂದ ಮಿಕ್ಕ ಶಕ್ತಿಯನ್ನೆಲ್ಲ ಬ್ಯಾಸ್ಕೆಟ್‌ಬಾಲಿಗೆ ಸುರಿಯುತ್ತಾನೆ. ಎದ್ದು ನಿಂತು ವಕೀಲನ ಹಾಗೆ ಶುರು ಮಾಡಿದ.

"ಹೋದ ವರ್ಷ ಅತ್ತಿಗೆ ಬ್ಯಾಂಗೋರಿಗೆ ಬಂದ್ರು. ಏನಾಯ್ತು?"

"ಸೋತ್ವಿ," ಎಂದಿತು ಊರು.

"ಅವರು ಕಾಫಿ ತರೋಕೆ ಎದ್ದು ಹೋದ್ರಲ್ಲ, ಆಗ?"

"ಸಮ ಆಯ್ತು."

"ಕಾಫಿ ತಗೊಂಡು ವಾಪಸ್ ಬಂದು ಕೂತಾಗ?"

"ಮತ್ತೆ ಸೋತ್ವಿ!" ಈ ಹೊತ್ತಿಗೆ ಊರಿಗೆ ಇದು ಪೂಜೆಯಲ್ಲಿ ಪಾದ್ರಿಗೆ ಮರುನುಡಿಯುವಷ್ಟು ಸಲೀಸಾಗಿಬಿಟ್ಟಿತ್ತು.

"ಈ ವರ್ಷ ಅತ್ತಿಗೆ ಜ್ವರ ಬಂದು ಮಲಗಿದ್ರು. ಕ್ವಾರ್ಟರ್ ಫೈನಲ್?"

"ಗೆದ್ವಿ!"

"ಸೆಮಿಫೈನಲ್?"

"ಗೆದ್ವಿ!"

"ಈಗ ಅವರಿಗೆ ಗುಣ ಆಗ್ತಿದೆ," ಎಂದ ಕ್ಲೋವಿಸ್ ದನಿ ತಗ್ಗಿಸಿ. "ನನಗೆ ಅದೇ ಭಯ."

ನೆಲಮಾಳಿಗೆಯಲ್ಲಿ ಎಲ್ಲರೂ ನನ್ನ ಆರೋಗ್ಯವನ್ನು ಆತಂಕದಿಂದ ನೋಡಿದರು.

"ಕ್ಲೋವಿಸ್, ಚೆಂಡು ಎಸೆಯೋದು ನಾನಲ್ಲಪ್ಪ," ಎಂದೆ.

"ಅತ್ತಿಗೆ, ನಮ್ಮಣ್ಣ ಬದುಕಿದ್ದಾಗಲೇ ಹೇಳ್ತಿದ್ದ. ರೇಡಿಯೋದಲ್ಲಿ ಬಾಸ್ಟನ್ ಆಟ ಬರುವಾಗ ನೀವು ಅಡುಗೆಮನೆಯಿಂದ ಇಣುಕಿದ್ರೂ ಸಾಕು, ಔಟ್ ಆಗ್ತಿದ್ರಂತೆ."

ಇದು ನಿಜ. ಈ ಬಿರುದನ್ನು ನನಗೆ ಮೊದಲು ದಯಪಾಲಿಸಿದ್ದು ನನ್ನ ಗಂಡ ಆಲ್ಸೀದ್‌ನೇ. ಹಾಳಾದ ಬಾಸ್ಟನ್ನಿನವರು ಅವನ ಆಯುಷ್ಯವಿಡೀ ಸೋತರು. ಅಷ್ಟೂ ಸೋಲನ್ನು ಅವನು ನನ್ನ ಅಡುಗೆಮನೆಯ ಬಾಗಿಲಿಗೆ ತಂದು ಹಾಕಿದ.

ಕ್ಲೋವಿಸನ ಹೆಂಡತಿ ಜೆರ್ಮೇನ್ ನನ್ನ ಕೈ ಹಿಡಿದು, "ಅಕ್ಕಾ, ನಮಗೇನೂ ನಿನ್ನ ಮೇಲೆ ಕೋಪ ಇಲ್ಲ. ಅಪಶಕುನ ಆದ್ರೂ ನೀನು ನಮ್ಮೋಳೇ," ಎಂದು ಸಮಾಧಾನ ಹೇಳಿದಳು. ಅದರಿಂದ ನನಗೆ ಎಷ್ಟು ಸಮಾಧಾನವಾಯಿತೆಂದು ನೀವೇ ಊಹಿಸಿಕೊಳ್ಳಿ.

ತೀರ್ಪಿನ ಜೊತೆ ಒಂದು ಪದವಿಯನ್ನೂ ಕೊಟ್ಟರು. ಆ ಚಳಿಯಲ್ಲಿ ಕಟ್ಟಿಗೆ ಒಲೆ ಆರಿದರೆ ಮನೆಯ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಊರೆಲ್ಲ ಬ್ಯಾಂಗೋರಿಗೆ ಹೋದಾಗ ಒಬ್ಬರು ಹಿಂದುಳಿದು ಮನೆಮನೆಯ ಒಲೆಗೆ ಸೌದೆ ಹಾಕುತ್ತಿರಬೇಕು. ತಂಡ ಗೆದ್ದರೆ ಎಲ್ಲರ ಜಗಲಿಯ ದೀಪ ಹೊತ್ತಿಸಿಡಬೇಕು. ಪ್ರತಿವರ್ಷ ಚೀಟಿ ಎತ್ತಿ ಆರಿಸುವ ಆ ಕೆಲಸವನ್ನು ಈ ಸಲ ಸರ್ವಾನುಮತದಿಂದ ನನಗೆ ವಹಿಸಿದರು. ಚಪ್ಪಾಳೆಯೂ ಆಯಿತು.

ನಾನು ಜಗಳ ಕಾಯಬಹುದಿತ್ತು. ಆದರೆ ಹಟ ಮಾಡಿ ಹೋಗಿ, ಏನಾದರೂ ಸೋತರೆ? ನನ್ನ ಹೆಸರಿನ ಜೊತೆ ಮೊಮ್ಮಗಳ ಹೆಸರೂ ಊರ ಬಾಯಲ್ಲಿ ಬೀಳುತ್ತದೆ ಎಂದು ಸುಮ್ಮನಾದೆ.

ಮಾರನೆಯ ದಿನ ಸೆಲೆಸ್ಟ್ ಒಂದು ಜೊತೆ ಕಾಲುಚೀಲ ಹಿಡಿದು ಬಂದಳು. ಹಿಮ್ಮಡಿಯಲ್ಲಿ ತೂತು.

"ಮೆಮೇರ್, ಹೊಲಿದುಕೊಡು. ತೊಳೀಬೇಡ. ಶುರುವಿನಿಂದ ತೊಳೆದಿಲ್ಲ, ಅದಕ್ಕೇ ಗೆಲ್ತಿದ್ದೀವಿ."

(ಮೆಮೇರ್ ಎಂದರೆ ನಮ್ಮ ಫ್ರೆಂಚಿನಲ್ಲಿ ಅಜ್ಜಿ.) ಮೂಗು ಪಕ್ಕಕ್ಕೆ ತಿರುಗಿಸಿಕೊಂಡೇ ಹೊಲಿದೆ. ಅವಳು ಒಲೆಯ ಪಕ್ಕ ಕೂತು ನನ್ನ ಕೈ ನೋಡುತ್ತಿದ್ದಳು.

"ನೀನು ಬಾ ಅನ್ನೋಕೆ ನಂಗೆ ಧೈರ್ಯ ಇಲ್ಲ ಮೆಮೇರ್," ಎಂದಳು ಕೊನೆಗೆ. "ಬರ್ಬೇಡ ಅನ್ನೋಕೆ ಮನಸ್ಸಿಲ್ಲ."

ದಾರ ಕಚ್ಚಿ ತುಂಡರಿಸುವಾಗಲೇ ನಾನು ನಿಶ್ಚಯಿಸಿಬಿಟ್ಟೆ. ಬ್ಯಾಂಗೋರಿಗೆ ಹೋಗುವವಳೇ. ನಮ್ಮವರ ಕಣ್ಣಿಗೆ ಬೀಳಬಾರದು, ಅಷ್ಟೇ. ನಮ್ಮವರ ಕಣ್ಣು ಹೋಗದ ಜಾಗ ಆ ಅಂಗಣದಲ್ಲಿ ಒಂದೇ ಇತ್ತು: ಎದುರಾಳಿಗಳು ಕೂರುವ ಕಡೆ. ಆಟದ ದಿನ ಆ ಕಡೆ ನೋಡಿದರೆ ಕೇಡು ಎಂಬುದು ಕ್ಲೋವಿಸನ ಇನ್ನೊಂದು ಶಾಸ್ತ್ರ.

ಎದುರಾಳಿಗಳು ದಕ್ಷಿಣಕ್ಕಿರುವ ಹಾರ್ಲೋ ಊರಿನವರು. ಅವರ ಬಣ್ಣ ಹಸಿರು. ಅವರ ಚರ್ಚಿನವರು ಮುದುಕರಿಗೆಂದೇ ಒಂದು ಬಸ್ಸು ಬಿಡುತ್ತಾರೆ; ಹಸಿರು ತೊಟ್ಟ ಯಾವ ಮುದುಕಿ ಹತ್ತಿದರೂ ಯಾರ ಪೈಕಿ ಎಂದು ಕೇಳುವುದಿಲ್ಲ.

ಇನ್ನು ಒಲೆಗಳು. ಊರಲ್ಲಿ ಬ್ಯಾಂಗೋರಿಗೆ ಹೋಗದ ಗಂಡಸು ಒಬ್ಬನೇ: ಒನೆಜೀಮ್, ಮದುವೆಯಾಗದ ಮುದುಕ. ಅವನಿಗೆ ಬಾಸ್ಟನ್ನಿನ ಹಾಕಿ ಬಿಟ್ಟರೆ ಲೋಕದಲ್ಲಿ ಆಟವಿಲ್ಲ.

"ಹುಡುಗೀರು ಚೆಂಡು ಕುಟ್ಟೋದೂ ಒಂದು ಆಟವೇನೇ ಲೆಯೋನಿ?" ಎಂದ ಬಾಗಿಲಲ್ಲೇ, ನನ್ನ ಬದಲು ಒಲೆ ಕಾಯಲು ಕೇಳಿದಾಗ. "ಆಟ ಅಂದ್ರೆ ಬಾಸ್ಟನ್ನು."

"ಹೋದ ಚಳಿಗಾಲ ನಿನ್ನ ಪೈಪು ಒಡೆದಾಗ ಬಕೆಟ್ ಹಿಡ್ಕೊಂಡು ಬಾಸ್ಟನ್ನಿನವರು ಬಂದ್ರೋ, ಆ ಹುಡುಗೀರು ಬಂದ್ರೋ?"

ಅವನು ಗಡ್ಡ ಕೆರೆದುಕೊಂಡ. "ಹಂದಿಮಾಂಸದ ಪೈ ಮಾಡ್ತೀಯಾ?"

"ಎರಡು ಮಾಡ್ತೀನಿ. ಜೊತೆಗೆ ಪ್ಲೋಯ್ ದೋಸೆ."

"ಟಿವಿ ಇರೋ ಮನೆಯಲ್ಲಿ ಕೂತ್ಕೋತೀನಿ."

"ಕ್ಲೋವಿಸನ ಮನೆಯಲ್ಲಿ ಗೋಡೆಯಷ್ಟು ದೊಡ್ಡದಿದೆ. ಕೂತ್ಕೋ. ಒಲೆ ಮಾತ್ರ ಮರೀಬೇಡ."

ಶನಿವಾರ ಬೆಳಿಗ್ಗೆ ಊರಿನ ಕಾರುಗಳ ಸಾಲು ಹಾರನ್ ಹೊಡೆಯುತ್ತ ಹೊರಟಿತು. ನಾನು ಜಗಲಿಯಲ್ಲಿ ನಿಂತು ಕೈಬೀಸಿದೆ. ಕ್ಲೋವಿಸ್ ಕಿಟಕಿ ಇಳಿಸಿ, "ಅತ್ತಿಗೆ, ಟಿವಿನೂ ಹಾಕ್ಬೇಡಿ!" ಎಂದು ಕೂಗಿ ಹೋದ. ಕೊನೆಯ ಕಾರು ತಿರುವು ದಾಟಿದ್ದೇ ತಡ, ಒಳಗೋಡಿ ನೀಲಿ ಸ್ವೆಟರ್ ತೊಟ್ಟೆ. ಅದರ ಮೇಲೆ ದಪ್ಪ ಕೋಟು ಹಾಕಿ ಕತ್ತಿನವರೆಗೆ ಗುಂಡಿ ಬಿಗಿದೆ. ತಲೆಗೆ ಆಲ್ಸೀದನ ಹಸಿರು ಟೋಪಿ. (ಟ್ರ್ಯಾಕ್ಟರ್ ಮಾರುವವರು ಪುಕ್ಕಟೆ ಕೊಟ್ಟದ್ದು. ಟ್ರ್ಯಾಕ್ಟರಿಗಿಂತ ಅದೇ ಹೆಚ್ಚು ದಿನ ಬಾಳಿಕೆ ಬಂತು.) ಒನೆಜೀಮ್ ತನ್ನ ಹಳೆಯ ಗಾಡಿಯಲ್ಲಿ ಹಾರ್ಲೋವರೆಗೆ ಬಿಟ್ಟು, ಬಸ್ಸು ಹತ್ತಿಸಿ, ಒಲೆ ಕಾಯಲು ಹಿಂತಿರುಗಿದ.

ಬಸ್ಸಿನಲ್ಲೂ ಆಮೇಲೆ ಅಂಗಣದಲ್ಲೂ ನನ್ನ ಪಕ್ಕ ಕೂತವಳು ಹೇಜಲ್ ಎಂಬ ಹೆಂಗಸು. ನನ್ನದೇ ವಯಸ್ಸು, ನನ್ನ ಎರಡರಷ್ಟು ಗಾತ್ರ, ಮಡಿಲಲ್ಲಿ ಒಂದು ಡಬ್ಬಿ ಡೋನಟ್. ನಾನು ಬಾಯಿ ಬಿಟ್ಟರೆ ನಮ್ಮ ಕಣಿವೆಯ ಫ್ರೆಂಚ್ ಮಾತಿನ ಧಾಟಿ ಹೊರಬೀಳುತ್ತದೆಂದು ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದೆ.

"ಅಯ್ಯೋ, ಗಂಟಲು ಕಟ್ಟಿದೆಯಾ? ತಗೋ ತಾಯಿ, ಕೆಮ್ಮಿನ ಪೆಪ್ಪರಮೆಂಟು," ಎಂದು ಒಂದನ್ನು ನನ್ನ ಬಾಯಿಗೇ ಹಾಕಿದಳು. ಅಷ್ಟು ಒಳ್ಳೆಯ ಹೆಂಗಸು. ವೈರಿಗಳು ಇಷ್ಟು ಒಳ್ಳೆಯವರಾಗಿರುತ್ತಾರೆಂದು ಗೊತ್ತಿದ್ದರೆ ನಾನು ಬರುತ್ತಲೇ ಇರಲಿಲ್ಲ.

ಆಟ ಶುರುವಾಯಿತು. ಎದುರಿಗೆ ಅಂಗಣದಾಚೆ ನಮ್ಮೂರು ನೀಲಿ ಕೆರೆಯ ಹಾಗೆ ಅಲೆಯಾಡುತ್ತಿತ್ತು. ನಡುವೆ ಕ್ಲೋವಿಸ್, ಅಗ್ನಿಶಾಮಕದವರ ಹೆಲ್ಮೆಟ್ಟಿಗೆ ನೀಲಿ ಬಣ್ಣ ಬಳಿದುಕೊಂಡು. ಸೆಲೆಸ್ಟ್ ಮೊದಲ ಸಲ ಚೆಂಡನ್ನು ಬುಟ್ಟಿಗೆ ಹಾಕಿದಳು. ನನ್ನ ಗಂಟಲಿನಿಂದ ಕೂಗೊಂದು ಎದ್ದು ಬಂತು. ಅದನ್ನು ಬಾಯಿಯವರೆಗೆ ಬರಗೊಟ್ಟು ಕೆಮ್ಮಾಗಿ ತಿರುಗಿಸಿದೆ. ಹೇಜಲ್ ನನ್ನ ಬೆನ್ನಿಗೆ ಗುದ್ದಿ ಇನ್ನೊಂದು ಪೆಪ್ಪರಮೆಂಟು ಕೊಟ್ಟಳು.

ಸೆಲೆಸ್ಟ್ ಮತ್ತೊಮ್ಮೆ ಬುಟ್ಟಿಗೆ ಹಾಕಿದಳು. ಮತ್ತೆ ಕೆಮ್ಮು, ಮತ್ತೆ ಗುದ್ದು, ಮತ್ತೆ ಪೆಪ್ಪರಮೆಂಟು. ಆ ಹುಡುಗಿ ಅಂದು ಹೇಗೆ ಆಡಿದಳೆಂದರೆ, ಅರ್ಧ ಆಟ ಮುಗಿಯುವಷ್ಟರಲ್ಲಿ ನನ್ನ ಎರಡೂ ಕೆನ್ನೆ ಪೆಪ್ಪರಮೆಂಟಿನಿಂದ ಉಬ್ಬಿದ್ದವು, ಬೆನ್ನು ಹಣ್ಣಾಗಿತ್ತು.

"ಆ ಹದಿನಾಲ್ಕನೇ ನಂಬರಿನವಳು ಚೆಂಡು ಹಿಡಿದಾಗಲೇ ನಿಂಗೆ ಕೆಮ್ಮು ಬರುತ್ತಲ್ಲ!" ಎಂದಳು ಹೇಜಲ್. "ನಂಗೂ ಹಾಗೇ, ಅವಳನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ."

ನಾನು ಕಣ್ಣೀರು ಒರೆಸಿಕೊಂಡು ತಲೆಯಾಡಿಸಿದೆ.

"ಇಷ್ಟು ಬೆವರ್ತಿದ್ದೀಯ, ಆ ಕೋಟಾದರೂ ಬಿಚ್ಚು."

ಕೋಟನ್ನು ಎರಡು ಕೈಯಲ್ಲೂ ಅಪ್ಪಿಕೊಂಡೆ. ಒಳಗೆ ಹದಿನಾಲ್ಕನೇ ನಂಬರು ಬೇಯುತ್ತಿತ್ತು.

ಹಾರ್ಲೋದವರೂ ಬಿಡುವವರಲ್ಲ. ಕೊನೆಕೊನೆಗೆ ಅವರು ಒಂದು ಅಂಕ ಮುಂದಿದ್ದರು. ಗಡಿಯಾರ ಇನ್ನೇನು ಮುಗಿಯಬೇಕು, ಚೆಂಡು ಹಿಡಿದು ನುಗ್ಗುತ್ತಿದ್ದ ಸೆಲೆಸ್ಟ್‌ಳನ್ನು ಹಾರ್ಲೋದ ಹುಡುಗಿಯೊಬ್ಬಳು ಕೆಡವಿದಳು. ಸೀಟಿ ಮೊಳಗಿತು. ಎರಡು ಫ್ರೀ ಥ್ರೋ.

ಸೆಲೆಸ್ಟ್ ಗೆರೆಯ ಬಳಿ ನಿಂತಳು, ಕಾಲು ಅಗಲಿಸಿದಳು, ಮೊಣಕಾಲು ಬಗ್ಗಿಸಿದಳು, ಎರಡು ಕೈಯಲ್ಲಿ ಚೆಂಡನ್ನು ಕೆಳಕ್ಕೆ ಇಳಿಬಿಟ್ಟಳು. ನನ್ನ ಸುತ್ತಲಿನವರು ಹೋ ಎಂದು ನಕ್ಕರು.

"ನೋಡೇ, ನೋಡೇ!" ಹೇಜಲ್ ನನ್ನ ಮೊಣಕೈ ತಿವಿದಳು. "ಯಾವ ಮುದುಕಿ ಕಲಿಸಿದ್ಳೋ ಇವಳಿಗೆ!"

ಚೆಂಡು ಆಲೂಗಡ್ಡೆಯ ಹಾಗೆ ಎದ್ದು, ಪೀಪಾಯಿಗೆ ಇಳಿದಂತೆ ಇಳಿಯಿತು. ಬುಟ್ಟಿಯ ಬಳೆಗೆ ತಾಗಲೂ ಇಲ್ಲ. ಸಮ ಸಮ. ನಗು ಸ್ವಲ್ಪ ಕಡಿಮೆಯಾಯಿತು.

ಎರಡನೆಯದಕ್ಕೆ ಅವಳು ಮತ್ತೆ ಬಗ್ಗಿದಳು. ನಾನೂ ಕೂತಲ್ಲೇ ಮೊಣಕಾಲು ಅಗಲಿಸಿ, ಎರಡು ಕೈ ಇಳಿಬಿಟ್ಟು, ಅವಳ ಜೊತೆಗೇ ಬೀಸಿದೆ. (ಬೇಕೆಂದು ಮಾಡಿದ್ದಲ್ಲ. ಅರವತ್ತು ಸುಗ್ಗಿ ಮಾಡಿದ ಕೈಗಳು ಕೇಳುವುದಿಲ್ಲ.) ನನ್ನ ಕೈ ಮೇಲೆದ್ದಾಗ ಕೋಟಿನ ಗುಂಡಿಗಳು ಒಂದೊಂದಾಗಿ ಪಟಪಟನೆ ಹಾರಿದವು, ಒಂದು ಮುಂದಿನ ಸಾಲಿನ ಮುದುಕನ ಬೋಳುತಲೆಗೆ ಬಡಿಯಿತು. ಚೆಂಡು ಒಳಗೆ ಬಿತ್ತು.

"ನನ್ನ ಮೊಮ್ಮಗಳು! ಅವಳು ನನ್ನ ಮೊಮ್ಮಗಳು! ಕಲಿಸಿದ ಮುದುಕಿ ನಾನೇ ಕಣ್ರೋ!"

ಅಷ್ಟೂ ಹೊತ್ತು ನುಂಗಿದ್ದ ಕೂಗುಗಳೆಲ್ಲ ಒಟ್ಟಿಗೆ ಹೊರಬಂದವು, ಜೊತೆಗೆ ಪೆಪ್ಪರಮೆಂಟೂ. ಹಸಿರು ಗದ್ದೆಯ ನಡುವೆ ನೀಲಿ ಸ್ವೆಟರಿನಲ್ಲಿ ನಾನೊಬ್ಬಳೇ ಬೆಂಚಿನ ಮೇಲೆ ನಿಂತಿದ್ದೆ. ಹಾರ್ಲೋದವರೆಲ್ಲ ತಿರುಗಿ ನೋಡಿದರು. ಹೇಜಲ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಗಂಟಲು ಬಿಡ್ತಲ್ಲ!" ಎಂದಳು. "ನನ್ನ ಪೆಪ್ಪರಮೆಂಟು ವಾಪಸ್ ಕೊಡೇ!" ಬೈಯುತ್ತಲೇ ಉಳಿದ ಡೋನಟ್ಟುಗಳ ಡಬ್ಬಿಯನ್ನು ನನ್ನ ಕಂಕುಳಿಗೆ ತುರುಕಿದಳು. "ಹೋಗು, ಹುಡುಗಿಗೆ ಕೊಡು. ಅವಳು ತಿನ್ನಬೇಕು, ಪಾಪ, ಏನು ಓಡಿದ್ಳು."

ಕೊಡಲು ನಾನೇ ಹೋಗಬೇಕಾಗಲಿಲ್ಲ. ಗೆದ್ದ ಫಲಕ ಕೈಯಲ್ಲಿ ಹಿಡಿದು ಸೆಲೆಸ್ಟ್ ಅಂಗಣವನ್ನು ಅಡ್ಡ ಹಾಯ್ದು, ನೀಲಿ ಕಡೆಗಲ್ಲ, ಹಸಿರು ಕಡೆಗೆ ಓಡಿ ಬರುತ್ತಿದ್ದಳು. ಮೆಟ್ಟಿಲು ಹತ್ತಿ ನನ್ನನ್ನು ಅಪ್ಪಿಕೊಂಡಳು. ಆ ಕಾಲುಚೀಲದ ವಾಸನೆ ನನಗೆ ಅಂದು ಗುಲಾಬಿಯ ಹಾಗಿತ್ತು. ಅವಳ ಭುಜದ ಮೇಲಿಂದ ನೋಡಿದರೆ, ಅಂಗಣದಾಚೆ ಕ್ಲೋವಿಸ್ ಬಾಯಿ ತೆರೆದು ನಿಂತಿದ್ದ. ನೀಲಿ ಹೆಲ್ಮೆಟ್ ಕಣ್ಣಿನ ಮೇಲೆ ಜಾರಿತ್ತು. ಅದನ್ನು ಮೇಲೆತ್ತಿ ಇನ್ನೊಮ್ಮೆ ನೋಡಿದ.

ಊರಿಗೆ ನಾನು ತಂಡದ ಬಸ್ಸಿನಲ್ಲೇ ಬಂದೆ, ಸೆಲೆಸ್ಟ್‌ಳ ಪಕ್ಕ, ಫಲಕ ನನ್ನ ತೊಡೆಯ ಮೇಲೆ. ಗೆದ್ದ ತಂಡವನ್ನು ಊರ ಗಡಿಯಲ್ಲಿ ಫೈರ್ ಎಂಜಿನ್ ಎದುರುಗೊಳ್ಳಬೇಕೆಂಬುದು ನಮ್ಮ ಕಡೆಯ ಪದ್ಧತಿ. ಆದರೆ ಅದನ್ನು ಓಡಿಸುವವನು ಕ್ಲೋವಿಸ್. ಅವನು ನಮ್ಮ ಹಿಂದೆ ಕಾರಿನಲ್ಲಿದ್ದ. ಎಂದೂ ಗೆಲ್ಲದ ಊರಿಗೆ ಆ ಏರ್ಪಾಡು ಹೊಳೆದೇ ಇರಲಿಲ್ಲ.

ಸಂಜೆಗತ್ತಲಲ್ಲಿ ಗಡಿ ತಲುಪಿದಾಗ ಫೈರ್ ಎಂಜಿನ್ ರಸ್ತೆಗೆ ಅಡ್ಡಲಾಗಿ ನಿಂತಿತ್ತು, ಕೆಂಪು ದೀಪ ತಿರುಗಿಸುತ್ತ, ಸೈರನ್ ಅರಚುತ್ತ. ಚಾಲಕನ ಜಾಗದಲ್ಲಿ ಒನೆಜೀಮ್! ಗಡ್ಡದ ತುಂಬ ಕಣ್ಣೀರು ಹೆಪ್ಪುಗಟ್ಟಿತ್ತು.

"ಟಿವಿಯಲ್ಲಿ ನೋಡ್ದೆ ಲೆಯೋನಿ!" ಎಂದು ಕೂಗಿದ. "ಕೆಳಗಿನಿಂದ ಎಸೆದ್ಳು! ಬಾಸ್ಟನ್ನಿನವರಲ್ಲಿ ಒಬ್ಬನಿಗೂ ಇದು ಬರಲ್ಲ! ಹತ್ತು, ಮೇಲೆ ಹತ್ತು!"

ಕ್ಲೋವಿಸ್ ಕಾರಿನಿಂದಿಳಿದು ಓಡಿ ಬಂದ. ತನ್ನ ಎಂಜಿನ್ನಿನ ಮೇಲೆ ಬೇರೆಯವನು ಕೂತದ್ದಕ್ಕೆ ಬೈಯಬೇಕೋ ಅಳಬೇಕೋ ತಿಳಿಯದೆ ಸೈರನ್ನನ್ನು ಇನ್ನಷ್ಟು ಜೋರು ಮಾಡಿದ. ನಾನೂ ಸೆಲೆಸ್ಟ್‌ಳೂ ಏಣಿಯ ಪಕ್ಕ ಎತ್ತರದಲ್ಲಿ ಕೂತು ಊರು ಹೊಕ್ಕೆವು. ಒಂದು ಜಗಲಿ ಬಿಡದಂತೆ ಒನೆಜೀಮ್ ದೀಪ ಹೊತ್ತಿಸಿಟ್ಟಿದ್ದ. ಖಾಲಿ ಮನೆಗಳೆಲ್ಲ ಎದ್ದು ನಿಂತು ಕಾದಂತಿದ್ದವು.

ಮೆರವಣಿಗೆ ನನ್ನ ಮನೆಯ ಮುಂದೆ ನಿಂತಿತು. "ಎಲ್ಲರೂ ಒಳಗೆ ಬನ್ನಿ, ಕಾಫಿ ಮಾಡ್ತೀನಿ!" ಎಂದು ಬಾಗಿಲು ತೆರೆದು ಗಾಂಭೀರ್ಯದಿಂದ ಕಾಲಿಟ್ಟೆ. ಮರುಕ್ಷಣ ಅಡುಗೆಮನೆಯ ಆ ಕೊನೆಯಲ್ಲಿ ಕುಳಿತಿದ್ದೆ. ನೆಲವಿಡೀ ಮಂಜುಗಡ್ಡೆ. ಪೈಪು ಒಡೆದು, ನೀರು ಹರಿದು, ಹಾಕಿ ಆಡುವ ಹಾಗೆ ನುಣ್ಣಗೆ ಹೆಪ್ಪುಗಟ್ಟಿತ್ತು. ಹಿಂದೆ ಬಂದ ಜೆರ್ಮೇನ್ ಜಾರಿ ನನ್ನ ಮಡಿಲಿಗೆ ಬಂದಳು. ಅವಳ ಹಿಂದೆ ಕ್ಷೌರದವನು.

"ಒನೆಜೀಮ್! ನನ್ನ ಒಲೆ?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ತಬ್ಬಿಬ್ಬಾದ. "ಎಲ್ಲರ ಮನೆ ಒಲೆನೂ ನೋಡ್ದೆನಲ್ಲೇ! ನಿನ್ನದು... ಒಲೆ ಕಾಯೋಳು ನೀನೇ ಅಲ್ವಾ? ನಿನ್ನ ಮನೇದು ನೀನು ನೋಡ್ಕೊಂಡಿರ್ತೀಯ ಅಂದ್ಕೊಂಡೆ."

ಇರಲಿ. ನನಗೆ ಅಂದು ಯಾವುದೂ ನೋಯುವಂತಿರಲಿಲ್ಲ. ಮಂಜಿನ ಮೇಲೆ ಕೂತೇ ಕ್ಲೋವಿಸನ ಕಡೆ ಬೆರಳು ತೋರಿಸಿದೆ. "ಈಗ ಹೇಳಪ್ಪ, ಊರ ಮುಂದೆ ಹೇಳು. ನಾನು ಬಂದೆ. ಮೊದಲಿನಿಂದ ಕೊನೆಯವರೆಗೆ ನೋಡಿದೆ. ಒಂದು ಕಾಫಿಗೂ ಎದ್ದು ಹೋಗ್ಲಿಲ್ಲ. ಗೆದ್ದಿರೋ ಇಲ್ವೋ? ಎಲ್ಲಿ ಹೋಯ್ತು ನಿನ್ನ ಅಪಶಕುನ?"

ಕ್ಲೋವಿಸ್ ಹೆಲ್ಮೆಟ್ ತೆಗೆದು ತಲೆ ತಗ್ಗಿಸಿದ. ಕ್ಷಮೆ ಕೇಳುತ್ತಾನೆಂದು ನಾನು ಸ್ವೆಟರ್ ಸರಿಮಾಡಿಕೊಂಡೆ. ಅವನು ತಲೆಯೆತ್ತಿದಾಗ ಕಣ್ಣು ಹೊಳೆಯುತ್ತಿದ್ದವು.

"ಅತ್ತಿಗೆ, ನೀವು ಯಾರ ಕಡೆ ಕೂತಿದ್ರಿ?"

"ಹಾರ್ಲೋದವರ ಕಡೆ."

"ಸೋತಿದ್ದು ಯಾರು?"

"ಹಾರ್ಲೋ!" ಎಂದಿತು ಊರು, ಒಂದೇ ದನಿಯಲ್ಲಿ.

ನನಗೆ ಮೈಯೆಲ್ಲ ತಣ್ಣಗಾಯಿತು. ಮಂಜಿನಿಂದಲ್ಲ.

"ಇಷ್ಟು ವರ್ಷ ಇವರನ್ನ ತಪ್ಪು ಕಡೆ ಕೂರಿಸ್ತಿದ್ವಲ್ರೋ!" ಎಂದ ಕ್ಲೋವಿಸ್. "ಅತ್ತಿಗೆ, ನೀವು ನಮ್ಮೂರ ಆಸ್ತಿ. ಇನ್ಮೇಲೆ ಪ್ರತಿ ವರ್ಷ, ಪ್ರತಿ ಆಟ, ನೀವು ಎದುರಾಳಿಗಳ ಕಡೆನೇ ಕೂರೋದು. ಅವರ ಬಣ್ಣ ಯಾವುದೋ ಅದೇ ಹಾಕೋದು. ಖರ್ಚೆಲ್ಲ ಊರಿನದು!"

ಚಪ್ಪಾಳೆಗೆ ಚಾವಣಿಯ ಹಿಮ ಉದುರಿತು. ಸೆಲೆಸ್ಟ್ ನಗುತ್ತ ನಗುತ್ತ ಜಾರಿ ಬಿದ್ದಳು. ಜೆರ್ಮೇನ್ ನನ್ನ ಮಡಿಲಲ್ಲೇ ಕೂತು, "ಅಕ್ಕಾ, ಹಸಿರು ಉಣ್ಣೆ ನಾನು ತಂದುಕೊಡ್ತೀನಿ. ಕೆಂಪು, ಹಳದಿನೂ ಬೇಕಾಗುತ್ತೆ," ಎಂದು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದಳು.

"ಹಾಗಾದ್ರೆ ನನ್ನ ಈ ನೀಲಿ ಸ್ವೆಟರು?" ಎಂದೆ. "ಚಳಿಗಾಲದ ತನಕ ಕೂತು ಹೆಣೆದಿದ್ದೀನಿ ಕ್ಲೋವಿಸ್. ನಾನು ಸತ್ತು ಪೆಟ್ಟಿಗೆಯಲ್ಲಿ ಮಲಗಿಸುವಾಗಲಾದರೂ ಇದನ್ನ ಹಾಕ್ತೀರೋ ಇಲ್ವೋ?"

ಕ್ಲೋವಿಸ್ ಗಂಭೀರನಾಗಿ ಫಲಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಹಾಕ್ತೀವಿ ಅತ್ತಿಗೆ, ಆ ತಿಂಗಳು ಫೆಬ್ರವರಿ ಆಗಿರದಿದ್ರೆ," ಎಂದ.